‘ಅಲ್ಲಿ ಜನ ಇರಲಿಲ್ಲ’: ಒಂದು ಪದಕದ ಹೆಸರು ಬದಲಾದ ವರ್ಷ

ಆ ಪ್ರಶ್ನಾವಳಿ ನನ್ನ ಇಮೇಲಿಗೆ ಬಂದದ್ದು 2018ರ ವಸಂತದಲ್ಲಿ. ಕ್ಯಾಲೆಂಡರಿನ ಲೆಕ್ಕಕ್ಕೆ ಮಾತ್ರ ವಸಂತ. ಮಿನೆಸೋಟಾದಲ್ಲಿ ಆ ವರ್ಷ ಏಪ್ರಿಲ್ ನಡುವಿನಲ್ಲೂ ಜೋರು ಹಿಮ ಸುರಿದಿತ್ತು. ನಾನು ಇಲ್ಲಿನ ಒಂದು ಸಣ್ಣ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ, ಮಕ್ಕಳ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಅಮೆರಿಕನ್ ಗ್ರಂಥಾಲಯ ಸಂಘದಲ್ಲಿ ಮಕ್ಕಳ ಗ್ರಂಥಪಾಲಕರದೇ ಒಂದು ವಿಭಾಗವಿದೆ. ಮಕ್ಕಳ ಪುಸ್ತಕಗಳಿಗಿರುವ ನ್ಯೂಬೆರಿ, ಕಾಲ್ಡೆಕಾಟ್ ಪದಕಗಳನ್ನು ಕೊಡುವವರು ಅವರೇ. ನಾನೂ ಅದರ ಸದಸ್ಯೆ. ಅವರು ಕೇಳಿದ್ದು ಇಷ್ಟು: ಮಕ್ಕಳ ಸಾಹಿತ್ಯಕ್ಕೆ ಜೀವಮಾನದ ಕೊಡುಗೆ ಕೊಟ್ಟವರಿಗೆ ನಾವು ಕೊಡುವ ಲಾರಾ ಇಂಗಲ್ಸ್ ವೈಲ್ಡರ್ ಪದಕಕ್ಕೆ ಆ ಹೆಸರು ಮುಂದೆಯೂ ಇರಬೇಕೇ?

ಹತ್ತು ನಿಮಿಷದಲ್ಲಿ ತುಂಬಿ ಕಳಿಸಬಹುದಾದ ಪ್ರಶ್ನೆ. ನನಗೆ ಸುಮಾರು ಮೂರು ವಾರ ಹಿಡಿಯಿತು. ಆ ಮೂರು ವಾರದ ಬಗ್ಗೆ ಯಾವತ್ತಾದರೂ ಕನ್ನಡದಲ್ಲಿ ಬರೆಯಬೇಕು ಅಂದುಕೊಂಡಿದ್ದೆ. ಯಾಕೆಂದರೆ ನಾನು ಅದಕ್ಕೆ ಉತ್ತರ ಕಂಡುಕೊಂಡದ್ದು ಕನ್ನಡದ ಒಂದು ವಾಕ್ಯದಿಂದ.

ಮೊದಲು ಪ್ರೀತಿಯ ಮಾತು ಹೇಳಬೇಕು. ನಾನು 2004ರಲ್ಲಿ ಈ ದೇಶಕ್ಕೆ ಬಂದಾಗ ಕೆಲಸವಿರಲಿಲ್ಲ, ಪರಿಚಯದವರಿರಲಿಲ್ಲ, ಚಳಿಗಾಲ ಮುಗಿಯುತ್ತಲೇ ಇರಲಿಲ್ಲ. ಹತ್ತಿರದ ಲೈಬ್ರರಿಗೆ ನಡೆದು ಹೋಗಿ ಮಕ್ಕಳ ಪುಸ್ತಕ ಓದುತ್ತಿದ್ದೆ. ದೊಡ್ಡವರ ಪುಸ್ತಕದ ಇಂಗ್ಲಿಷ್ ಆಗ ನನಗೆ ಸುಲಭಕ್ಕೆ ಒಗ್ಗುತ್ತಿರಲಿಲ್ಲ. ಹಾಗೆ ಸಿಕ್ಕವಳು ಲಾರಾ. 1867ರಲ್ಲಿ ವಿಸ್ಕಾನ್ಸಿನ್‌ನ ಪೆಪಿನ್ ಬಳಿ ಹುಟ್ಟಿ, ಅರವತ್ತು ದಾಟಿದ ಮೇಲೆ ತನ್ನ ಬಾಲ್ಯವನ್ನು ಕಥೆಯಾಗಿ ಬರೆದವಳು. ಮೊದಲ ಪುಸ್ತಕ 1932ರಲ್ಲಿ, ‘ಲಿಟಲ್ ಹೌಸ್ ಆನ್ ದ ಪ್ರೇರಿ’ 1935ರಲ್ಲಿ ಬಂತು. ಕಾಡಿನ ನಡುವೆ ಒಂಟಿ ಮನೆ, ಸಂಜೆ ಪಿಟೀಲು ಬಾರಿಸುವ ಅಪ್ಪ, ಹೊರಗೆ ತೋಳಗಳ ಕೂಗು. ನಮ್ಮದು ತೀರ್ಥಹಳ್ಳಿ ಕಡೆಯ ಒಂಟಿ ಮನೆ. ಸುತ್ತ ಅಡಿಕೆ ತೋಟ, ಹಿಂದೆ ಗುಡ್ಡ, ಪಕ್ಕದ ಮನೆಗೆ ಅರ್ಧ ಮೈಲಿ. ಕಾನ್ಸಾಸ್‌ನಲ್ಲಿ ಲಾರಾಳ ಮನೆಮಂದಿಯೆಲ್ಲ ಚಳಿಜ್ವರ ಬಂದು ಒಬ್ಬರಿಗೊಬ್ಬರು ನೀರು ಕೊಡಲಾಗದೆ ಮಲಗುವ ಅಧ್ಯಾಯವಿದೆ. ಅದನ್ನು ಓದುವಾಗ, ಮಲೇರಿಯಾಕ್ಕೆ ಮನೆಗಳೇ ಬರಿದಾದ ಹಳೆಯ ಮಲೆನಾಡಿನ ಬಗ್ಗೆ ಅಜ್ಜಿ ಹೇಳುತ್ತಿದ್ದುದು ಕಿವಿಯಲ್ಲಿ ಕೇಳಿಸಿತು. ಸಮುದ್ರದಾಚೆ ನನ್ನ ಮನೆ ಸಿಕ್ಕಿತು ಅನಿಸಿತ್ತು. ಲೈಬ್ರರಿ ಸೈನ್ಸ್ ಓದಬೇಕು ಅನ್ನುವ ಆಸೆ ಹುಟ್ಟಿದ್ದೂ ಆ ಕುರ್ಚಿಯಲ್ಲೇ.

2011ರ ಬೇಸಿಗೆಯಲ್ಲಿ ಮಗಳನ್ನು ವಾಲ್ನಟ್ ಗ್ರೋವ್‌ಗೆ ಕರೆದುಕೊಂಡು ಹೋಗಿದ್ದೆ. ಲಾರಾಳ ಕುಟುಂಬ 1874ರಲ್ಲಿ ಬಂದು ನೆಲೆಸಿದ ಊರು. ಪ್ಲಮ್ ಕ್ರೀಕ್ ದಂಡೆಯಲ್ಲಿ ಅವರು ಮಣ್ಣು ಕೊರೆದು ಮಾಡಿಕೊಂಡಿದ್ದ ಮನೆ ಕುಸಿದುಹೋಗಿ, ಈಗ ಹುಲ್ಲು ಬೆಳೆದ ಒಂದು ತಗ್ಗು ಮಾತ್ರ ಉಳಿದಿದೆ. ಮಗಳು ಆ ತಗ್ಗಿನ ಪಕ್ಕ ನಿಂತು ಹಳ್ಳದ ನೀರಿಗೆ ಕಾಲಿಟ್ಟಳು. ನಾನು ಫೋಟೋ ತೆಗೆದೆ. ಆ ಊರಿಗೆ ಹೋಗುವ ಹದಿನಾಲ್ಕನೇ ನಂಬರಿನ ಹೆದ್ದಾರಿಗೆ ಲಾರಾಳ ಹೆಸರಿನ ಚಾರಿತ್ರಿಕ ಹೆದ್ದಾರಿ ಅಂತಲೇ ಕರೆಯುತ್ತಾರೆ. ದಾರಿಯಲ್ಲಿ ಮ್ಯಾಂಕೇಟೋ ಪಟ್ಟಣದಲ್ಲಿ ಕಾಫಿಗೆ ನಿಲ್ಲಿಸಿದ್ದೆವು. ಅಲ್ಲಿ ನೋಡುವುದೇನಿದೆ ಎಂದು ವಿಚಾರಿಸಲಿಲ್ಲ.

ಆ ವರ್ಷವೇ ಮಗಳಿಗೆ ರಾತ್ರಿ ಮಲಗುವಾಗ ಕಾನ್ಸಾಸ್ ಪುಸ್ತಕವನ್ನು, ಅಂದರೆ ‘ಲಿಟಲ್ ಹೌಸ್ ಆನ್ ದ ಪ್ರೇರಿ’ಯನ್ನು, ಓದಿ ಹೇಳಿದ್ದು. ಕೊನೆಯ ಭಾಗದಲ್ಲಿ ಅಲ್ಲಿನ ಮೂಲನಿವಾಸಿಗಳಾದ ಓಸೇಜ್ ಜನ ಕುದುರೆಗಳ ಮೇಲೆ, ಮಕ್ಕಳುಮರಿಗಳನ್ನು ಕಟ್ಟಿಕೊಂಡು, ಲಾರಾಳ ಮನೆಯ ಮುಂದೆಯೇ ಸಾಲುಗಟ್ಟಿ ಹೊರಟುಹೋಗುತ್ತಾರೆ. ಸಾಲು ಮುಗಿಯುವುದೇ ಇಲ್ಲ. ಬುಟ್ಟಿಯಲ್ಲಿ ಕೂತ ಒಂದು ಕಪ್ಪು ಕಣ್ಣಿನ ಮಗು ಬೇಕು ಎಂದು ಲಾರಾ ಅಳುತ್ತಾಳೆ. ಮಗಳು ಕೇಳಿದಳು: “ಅಮ್ಮ, ಅವರೆಲ್ಲ ಎಲ್ಲಿಗೆ ಹೋದ್ರು?” ನನಗೆ ಗೊತ್ತಿರಲಿಲ್ಲ. ಹೊತ್ತಾಯ್ತು ಮಲಗು ಅಂದೆ. ಆ ಪ್ರಶ್ನೆಗೆ ಉತ್ತರ ಹುಡುಕದೆ ಏಳು ವರ್ಷ ಕಳೆದದ್ದಕ್ಕೆ ನನಗೆ ಇವತ್ತಿಗೂ ಸಂಕಟವಿದೆ.

ಪ್ರಶ್ನಾವಳಿ ಬಂದ ಮೇಲೆ ನಾನು ಮೊದಲು ಮಾಡಿದ ಕೆಲಸ, ಪುಸ್ತಕವನ್ನು ಮೊದಲ ಪುಟದಿಂದ ಮತ್ತೆ ಓದಿದ್ದು. ಈ ಸಲ ಪೆನ್ಸಿಲ್ ಹಿಡಿದು ಓದಿದೆ. ನೆರೆಮನೆಯ ಸ್ಕಾಟ್ ದಂಪತಿಯ ಮಾತುಗಳಲ್ಲಿ, ಸತ್ತ ಇಂಡಿಯನ್ನನೇ ಒಳ್ಳೆಯ ಇಂಡಿಯನ್ ಅನ್ನುವ ಮಾತು ಬರುತ್ತದೆ. ಇಂಡಿಯನ್ ಅಂದರೆ ಇಲ್ಲಿ ಅಮೆರಿಕದ ಮೂಲನಿವಾಸಿ. ಲಾರಾಳ ಅಪ್ಪ ಅದನ್ನು ಒಪ್ಪುವುದಿಲ್ಲ, ಆದರೆ ಅಮ್ಮನಿಗೆ ಆ ಜನರೆಂದರೆ ಭಯ ಮತ್ತು ಹೇಸಿಗೆ. 1941ರ ಇನ್ನೊಂದು ಪುಸ್ತಕದಲ್ಲಿ ಅದೇ ಪ್ರೀತಿಯ ಅಪ್ಪ ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುವ ಕುಣಿತ ಕುಣಿಯುತ್ತಾನೆ, ಊರೆಲ್ಲ ನಗುತ್ತದೆ. ಚಳಿಜ್ವರದಿಂದ ಆ ಇಡೀ ಕುಟುಂಬವನ್ನು ಉಳಿಸಿದ ಡಾಕ್ಟರ್ ಜಾರ್ಜ್ ಟ್ಯಾನ್ ಕಪ್ಪು ಮನುಷ್ಯರೇ ಆಗಿದ್ದರು. ಅವರು ನಿಜವಾಗಿ ಬದುಕಿದ್ದ ವ್ಯಕ್ತಿ, ಪುಸ್ತಕದಲ್ಲೂ ಗೌರವದಿಂದಲೇ ಬರುತ್ತಾರೆ. ಇದೆಲ್ಲ ಒಂದೇ ಲೇಖಕಿಯ ಕೈಯಿಂದ ಬಂದದ್ದು. ಅವಳನ್ನು ಕೆಟ್ಟವಳು ಎಂದು ಒಂದೇ ಮಾತಿನಲ್ಲಿ ಮುಗಿಸಲು ನನಗೆ ಆಗಲೂ ಆಗಲಿಲ್ಲ, ಈಗಲೂ ಆಗುವುದಿಲ್ಲ.

ಆಮೇಲೆ ಇತಿಹಾಸಕ್ಕೆ ಹೋದೆ. ಆ ಏಪ್ರಿಲ್‌ನಲ್ಲೇ ಕ್ಯಾರೊಲಿನ್ ಫ್ರೇಸರ್ ಬರೆದ ಲಾರಾಳ ಜೀವನಚರಿತ್ರೆಗೆ ಪುಲಿಟ್ಜರ್ ಬಂದಿತ್ತು. ನಮ್ಮ ಲೈಬ್ರರಿಯ ಪ್ರತಿಗೆ ಕಾಯುವವರ ಸಾಲೇ ಇತ್ತು. ಲಾರಾಳ ಅಪ್ಪ ಕಾನ್ಸಾಸ್‌ನಲ್ಲಿ ಮರ ಕಡಿದು ಮನೆ ಕಟ್ಟಿದ ನೆಲ ಓಸೇಜ್ ಜನರಿಗೆ ಮೀಸಲಾಗಿದ್ದ ನೆಲ. 1869ರಲ್ಲಿ ಅಲ್ಲಿ ಬೇಲಿ ಹಾಕಲು ಅವನಿಗೆ ಕಾನೂನಿನ ಹಕ್ಕು ಇರಲಿಲ್ಲ. ಅವನಂಥವರು ಸಾವಿರಗಟ್ಟಲೆ ಬಂದು ಕೂತ ಒತ್ತಡಕ್ಕೇ ಓಸೇಜ್ ಜನ ಆ ನೆಲ ಬಿಟ್ಟು ದಕ್ಷಿಣಕ್ಕೆ, ಇವತ್ತಿನ ಓಕ್ಲಹೋಮಾಗೆ ಹೋಗಬೇಕಾಯಿತು. ನನ್ನ ಮಗಳ ಪ್ರಶ್ನೆಗೆ ಉತ್ತರ ಅದು.

ಇನ್ನೊಂದು ಸಂಗತಿಯ ಮುಂದೆ ನಾನು ತುಂಬ ಹೊತ್ತು ಕೂತೆ. 1935ರ ಮೊದಲ ಮುದ್ರಣದಲ್ಲಿ, ಅವರು ಹೊರಟ ಪಶ್ಚಿಮದ ಬಯಲನ್ನು ವರ್ಣಿಸುತ್ತ ಒಂದು ಮಾತಿತ್ತು: ಅಲ್ಲಿ ಜನ ಇರಲಿಲ್ಲ, ಇಂಡಿಯನ್ನರು ಮಾತ್ರ ವಾಸವಾಗಿದ್ದರು. ಹದಿನೇಳು ವರ್ಷ ಆ ವಾಕ್ಯ ಅಚ್ಚಾಗುತ್ತಲೇ ಇತ್ತು. 1952ರಲ್ಲಿ ಓದುಗರೊಬ್ಬರು ಪ್ರಕಾಶಕರಿಗೆ ಕಾಗದ ಬರೆದು ಅದನ್ನು ತೋರಿಸಿದರು. ಸಂಪಾದಕಿ ಉರ್ಸುಲಾ ನಾರ್ಡ್‌ಸ್ಟ್ರಾಮ್‌ಗೆ ಅಲ್ಲಿಯವರೆಗೆ ಅದು ತಮ್ಮ ಕಣ್ಣಿಗೇ ಬಿದ್ದಿರಲಿಲ್ಲವಲ್ಲ ಎಂದು ದಿಗ್ಭ್ರಮೆಯಾಯಿತು. ಎಂಬತ್ತೈದು ವರ್ಷದ ಲಾರಾ ಅದು ತನ್ನದೇ ಮೂರ್ಖ ತಪ್ಪು, ಇಂಡಿಯನ್ನರೂ ಜನರೇ ಎಂದು ಒಪ್ಪಿ ತಿದ್ದಲು ಹೇಳಿದಳು. 1953ರ ಮುದ್ರಣದಿಂದ ‘ಜನ’ ಎಂಬ ಕಡೆ ‘ನೆಲೆಸಿಗರು’, ಅಂದರೆ ಹೊರಗಿನಿಂದ ಬಂದು ನೆಲೆಸಿದವರು, ಎಂದಾಯಿತು. ನನ್ನ ಕೈಯಲ್ಲಿದ್ದದ್ದು ಆ ತಿದ್ದಿದ ಪ್ರತಿ.

ತಿದ್ದುವ ಮುಂಚಿನ ಆ ವಾಕ್ಯವನ್ನು ಅವತ್ತು ರಾತ್ರಿ ನನ್ನಷ್ಟಕ್ಕೆ ಕನ್ನಡದಲ್ಲಿ ಹೇಳಿಕೊಂಡೆ. ಹೇಳಿದ ಕೂಡಲೇ ಅದು ನನ್ನ ಅಜ್ಜಿಯ ಧ್ವನಿಯಲ್ಲಿ ಕೇಳಿತು. ಚಿಕ್ಕವಳಿದ್ದಾಗ ನಮ್ಮ ಮನೆಯ ಹಿಂದಿನ ಗುಡ್ಡದಾಚೆ ಯಾರಿದ್ದಾರೆ ಎಂದು ಕೇಳಿದ್ದಕ್ಕೆ ಅಜ್ಜಿ ಹೇಳಿದ್ದಳು: “ಆ ಕಡೆ ಜನ ಇಲ್ಲ ಮಗಾ, ಬರೀ ಹಸಲರು.” ನಮ್ಮ ತೋಟಕ್ಕೆ ಅಡಿಕೆ ಕೊನೆ ಕೊಯ್ಲಿಗೆ ಬರುತ್ತಿದ್ದವರು, ಜೇನು ತಂದು ಕೊಡುತ್ತಿದ್ದವರು, ಅಂಗಳದಾಚೆ ನಿಂತು ಮಾತಾಡುತ್ತಿದ್ದವರು ಆ ಹಸಲರು. ಅಜ್ಜಿ ಕ್ರೂರಿಯಲ್ಲ. ಹಸಿದು ಬಂದವರನ್ನು ಹಾಗೇ ಕಳಿಸಿದವಳಲ್ಲ. ಆದರೂ ಅವಳ ಬಾಯಲ್ಲಿ ‘ಜನ’ ಅನ್ನುವ ಮಾತಿನೊಳಗೆ ಅವರು ಸೇರಿರಲಿಲ್ಲ. ಅವಳು ಹಾಗೆ ಹೇಳಿದಾಗ ನನಗೂ ಅದು ಸಹಜವಾಗಿಯೇ ಕೇಳಿಸಿತ್ತು. ನಲವತ್ತು ವರ್ಷ ಆ ಮಾತು ನನ್ನೊಳಗೆ ತಣ್ಣಗೆ ಕೂತಿತ್ತು.

ಮರುದಿನ ಅಮ್ಮನಿಗೆ ಫೋನ್ ಮಾಡಿ ಇದನ್ನು ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಗ ಎಲ್ಲಾರೂ ಹಂಗೇ ಹೇಳ್ತಿದ್ರು” ಅಂದಳು. ಎಲ್ಲರೂ ಅಂದರೆ ಯಾರು ಎಂದು ನಾನು ಕೇಳಿದೆ. ಹಸಲರ ಮನೆಯಲ್ಲಿ ಹಾಗೆ ಹೇಳುತ್ತಿದ್ದರಾ? ಅಮ್ಮನಿಗೆ ಬೇಸರವಾಯಿತು. ಲಾರಾಳ ಪರವಾಗಿ ನಮ್ಮ ಲೈಬ್ರರಿಯಲ್ಲಿ ನಾನು ಕೇಳಿದ ವಾದವೂ ಇದೇ: ಆ ಕಾಲದಲ್ಲಿ ಎಲ್ಲರೂ ಹಾಗೇ ಯೋಚಿಸುತ್ತಿದ್ದರು. ಓಸೇಜರು ಹಾಗೆ ಯೋಚಿಸುತ್ತಿರಲಿಲ್ಲ, ಮಿನೆಸೋಟಾದ ಮೂಲನಿವಾಸಿಗಳಾದ ಡಕೋಟಾ ಜನ ಹಾಗೆ ಯೋಚಿಸುತ್ತಿರಲಿಲ್ಲ. ಆ ‘ಎಲ್ಲರೂ’ ಅನ್ನುವ ಮಾತು ಅವರನ್ನು ಇನ್ನೊಮ್ಮೆ ಹೊರಗೆ ನಿಲ್ಲಿಸುತ್ತದೆ.

ಒಂದು ಭಾನುವಾರ ಕಾರು ತೆಗೆದುಕೊಂಡು ಒಬ್ಬಳೇ ಮ್ಯಾಂಕೇಟೋಗೆ ಹೋದೆ. 1862ರ ಬೇಸಿಗೆಯಲ್ಲಿ, ಒಪ್ಪಂದದ ಪ್ರಕಾರ ಸರ್ಕಾರ ಕೊಡಬೇಕಿದ್ದ ಹಣ ತಡವಾಗಿ, ಮಿನೆಸೋಟಾದ ಡಕೋಟಾ ಜನ ಹಸಿವಿನಲ್ಲಿದ್ದರು. ಯುದ್ಧವಾಯಿತು. ಎರಡೂ ಕಡೆ ಸಾವುಗಳಾದವು, ನೆಲೆಸಿಗರ ಹೆಂಗಸರು ಮಕ್ಕಳೂ ಸತ್ತರು. ಗೆದ್ದ ಸೇನೆ ಒಂದೊಂದು ವಿಚಾರಣೆಯನ್ನೂ ನಿಮಿಷಗಳಲ್ಲಿ ಮುಗಿಸಿ 303 ಜನರಿಗೆ ಮರಣದಂಡನೆ ವಿಧಿಸಿತು. ಅಧ್ಯಕ್ಷ ಲಿಂಕನ್ ಪಟ್ಟಿಯನ್ನು ಪರಿಶೀಲಿಸಿ ಕಡಿಮೆ ಮಾಡಿದರು. 1862ರ ಡಿಸೆಂಬರ್ 26ರಂದು ಮ್ಯಾಂಕೇಟೋದಲ್ಲಿ 38 ಡಕೋಟಾ ಗಂಡಸರನ್ನು ಒಂದೇ ಅಟ್ಟದ ಮೇಲೆ ಒಟ್ಟಿಗೆ ಗಲ್ಲಿಗೇರಿಸಲಾಯಿತು. ಅಮೆರಿಕದ ಚರಿತ್ರೆಯಲ್ಲೇ ಅತಿ ದೊಡ್ಡ ಸಾಮೂಹಿಕ ಗಲ್ಲು ಅದು. ಉಳಿದವರನ್ನು ಮರುವರ್ಷ ಕಾನೂನು ಮಾಡಿ ರಾಜ್ಯದಿಂದಲೇ ಹೊರಗೆ ಹಾಕಿದರು. ಲಾರಾಳ ಅಪ್ಪ ಪ್ಲಮ್ ಕ್ರೀಕ್ ದಂಡೆಗೆ ಬಂದದ್ದು ಅದಾಗಿ ಹನ್ನೊಂದೇ ವರ್ಷಕ್ಕೆ. ನನ್ನ ಮಗಳು ಕಾಲಿಟ್ಟ ಹಳ್ಳ ಅದು.

ಗಲ್ಲಿನ ಜಾಗದಲ್ಲಿ ಈಗ ಒಂದು ಚಿಕ್ಕ ಉದ್ಯಾನವಿದೆ, ಕಲ್ಲಿನ ಕಾಡೆಮ್ಮೆಯ ಪ್ರತಿಮೆಯಿದೆ, 2012ರಲ್ಲಿ ಸ್ಥಾಪಿಸಿದ ಫಲಕದ ಮೇಲೆ 38 ಹೆಸರುಗಳಿವೆ. ಎದುರಿಗಿರುವುದು ಊರಿನ ಸಾರ್ವಜನಿಕ ಗ್ರಂಥಾಲಯ. ನಾನು ಹೆಸರುಗಳನ್ನು ಒಂದೊಂದಾಗಿ ಓದಲು ಯತ್ನಿಸಿದೆ. ಉಚ್ಚಾರ ಗೊತ್ತಿರಲಿಲ್ಲ, ಆದರೂ ತುಟಿ ಅಲ್ಲಾಡಿಸಿ ಓದಿದೆ. ತಲೆಯೆತ್ತಿದರೆ ಲೈಬ್ರರಿಯ ಕಿಟಕಿಗಳು. ಅದರೊಳಗೂ ನನ್ನಂಥ ಯಾರೋ ಒಬ್ಬರು ಮಕ್ಕಳಿಗೆ ಪುಸ್ತಕ ಕೊಡುತ್ತಾರೆ. ಡಕೋಟಾ ಮನೆಯ ಮಗುವೂ ಅಲ್ಲಿಗೆ ಬರುತ್ತದೆ.

ಆ ಮಗುವಿನ ಕಥೆ ಊಹೆಯದಲ್ಲ. 1998ರಲ್ಲಿ ಇದೇ ಮಿನೆಸೋಟಾದ ಒಂದು ಶಾಲೆಯಲ್ಲಿ ಮೇಷ್ಟ್ರು ತರಗತಿಗೆ ಈ ಪುಸ್ತಕವನ್ನು ಗಟ್ಟಿಯಾಗಿ ಓದಿದಾಗ, ಎಂಟು ವರ್ಷದ ಡಕೋಟಾ ಹುಡುಗಿ ಅಳುತ್ತ ಮನೆಗೆ ಹೋಗಿದ್ದಳು. ಅವಳ ತಾಯಿ ಇತಿಹಾಸಕಾರ್ತಿ ವಾಜಿಯಾತಾವಿನ್ ಆ ವಿಷಯವನ್ನು ಶಾಲೆಯ ಮುಂದೆ ತಂದು, ಅದರ ಬಗ್ಗೆ ಬರೆದರು. ನಂಬೇ ಪ್ಯೂಬ್ಲೋ ಎಂಬ ಮೂಲನಿವಾಸಿ ಸಮುದಾಯದ ಡೆಬ್ಬಿ ರೀಸ್ ಮಕ್ಕಳ ಪುಸ್ತಕಗಳಲ್ಲಿ ಮೂಲನಿವಾಸಿಗಳನ್ನು ಹೇಗೆ ತೋರಿಸಿದ್ದಾರೆಂದು ವರ್ಷಗಟ್ಟಲೆ ಪುಟ ಪುಟ ತೆರೆದು ತೋರಿಸುತ್ತ ಬಂದಿದ್ದಾರೆ. 2018ರಲ್ಲಿ ಸಂಘ ಇದ್ದಕ್ಕಿದ್ದಂತೆ ಎಚ್ಚರಗೊಂಡಿತು ಎಂದು ಟೀಕಿಸಿದವರು ಇವರನ್ನು ಓದಿರಲಿಲ್ಲ.

ಇಷ್ಟಾದರೂ ಕೈ ತಡೆಯಿತು. ನಮ್ಮಲ್ಲಿ ಮೂವತ್ತು ವರ್ಷ ಸೇವೆ ಮಾಡಿದ ಸಹೋದ್ಯೋಗಿಯೊಬ್ಬರು ಊಟದ ಮೇಜಿನಲ್ಲಿ ಕೇಳಿದರು: ಲಾರಾ ತಪ್ಪನ್ನು ಒಪ್ಪಿ ತಿದ್ದಿದಳು, ಎಷ್ಟು ಲೇಖಕರು ಅಷ್ಟು ಮಾಡುತ್ತಾರೆ? ಇವತ್ತು ಇವಳು, ನಾಳೆ ಯಾರು? ಒಳ್ಳೆಯ ಪ್ರಶ್ನೆಗಳು. ಆ ಹಿರಿಯರ ಕಣ್ಣಲ್ಲಿ ನೀರಿತ್ತು. ಅವರ ತಾಯಿ ಅವರಿಗೆ ಓದಿ ಹೇಳಿದ ಮೊದಲ ಪುಸ್ತಕ ಅದು. ನನಗೆ ಇನ್ನೊಂದು ಅಳುಕೂ ಇತ್ತು. ಡಕೋಟಾ ನೆಲದಲ್ಲಿ ಮನೆ ಕೊಂಡು ಕೂತಿರುವ ವಲಸೆಗಾರ್ತಿ ನಾನು. ಈ ತೀರ್ಪು ಹೇಳಲು ನನಗೇನು ಹಕ್ಕು?

ದಾರಿ ತೋರಿಸಿದ್ದು ಪದಕವೇ. ನಾನು ಅದರ ಚರಿತ್ರೆ ತೆಗೆದು ನೋಡಿದೆ. 1954ರಲ್ಲಿ ಶುರು, ಮೊದಲ ಪದಕ ಲಾರಾಳಿಗೇ. ಅವಳ ಪುಸ್ತಕಗಳಿಗೆ ಚಿತ್ರ ಬರೆದ ಗಾರ್ತ್ ವಿಲಿಯಮ್ಸ್ ಅದರ ವಿನ್ಯಾಸ ಮಾಡಿದ್ದು. ಆಮೇಲೆ ಇ. ಬಿ. ವೈಟ್, ಬೆವರ್ಲಿ ಕ್ಲಿಯರಿ, ಮಾರಿಸ್ ಸೆಂಡಾಕ್, ಎರಿಕ್ ಕಾರ್ಲ್. 1995ರಲ್ಲಿ ವರ್ಜೀನಿಯಾ ಹ್ಯಾಮಿಲ್ಟನ್. 2018ರ ಫೆಬ್ರವರಿಯಲ್ಲಿ ಘೋಷಣೆಯಾದ ಹೆಸರು ಜ್ಯಾಕ್ವೆಲಿನ್ ವುಡ್ಸನ್. ಹ್ಯಾಮಿಲ್ಟನ್, ವುಡ್ಸನ್ ಇಬ್ಬರೂ ಕಪ್ಪು ಲೇಖಕಿಯರು. ಜೀವಮಾನವಿಡೀ ಕಪ್ಪು ಮಕ್ಕಳನ್ನು ಕಥೆಯ ನಡುಮನೆಗೆ ಕರೆದು ಕೂರಿಸಿದವರು. ಅವರಿಗೆ ಗೌರವ ಕೊಡುವಾಗ, ಮಸಿ ಬಳಿದ ಮುಖದ ಕುಣಿತವನ್ನು ನಗುತ್ತ ವರ್ಣಿಸಿದ ಕೈಯ ಹೆಸರನ್ನು ಅವರ ಕೈಗೆ ಕೊಡುತ್ತಿದ್ದೇವೆ. ಮುಂದೊಂದು ದಿನ ಒಬ್ಬ ಡಕೋಟಾ ಲೇಖಕಿಗೂ ಇದನ್ನೇ ಕೊಟ್ಟು, ವೇದಿಕೆಯ ಮೇಲೆ ಧನ್ಯವಾದ ಹೇಳಲು ಕರೆಯುತ್ತೇವೆ.

ಪುಸ್ತಕದ ಜೊತೆ ನಾನು ಜಗಳವಾಡಬಹುದು. ಅಂಚಿನಲ್ಲಿ ಬರೆಯಬಹುದು, ಮಗುವಿನ ಪಕ್ಕ ಕೂತು ‘ಇದು ಸುಳ್ಳು’ ಎನ್ನಬಹುದು, ಅದರ ಪಕ್ಕದಲ್ಲೇ ಓಜಿಬ್ವೆ ಎಂಬ ಮೂಲನಿವಾಸಿ ಸಮುದಾಯದ ಲೇಖಕಿ ಲೂಯಿಸ್ ಎರ್ಡ್ರಿಕ್ ಅವರ ಪುಸ್ತಕ ಇಡಬಹುದು. ಪದಕದ ಮೇಲಿನ ಹೆಸರಿನ ಜೊತೆ ಜಗಳವಾಡಲು ಜಾಗವಿಲ್ಲ. ಅದನ್ನು ಪಡೆದವರು ತಲೆಬಾಗಿ ತೆಗೆದುಕೊಳ್ಳಬೇಕು. ನಮ್ಮಲ್ಲಿ ಮಗುವಿಗೆ ಹಿರಿಯರ ಹೆಸರಿಡುವಾಗ ‘ಅವರ ಹಾಗೆ ಆಗಲಿ’ ಎಂದು ಹರಸುತ್ತಾರೆ. ಪ್ರಶಸ್ತಿಗೆ ಹೆಸರಿಡುವುದೂ ಅಂಥದೇ ಹರಕೆ. ಹೆಸರು ಬದಲಿಸಬೇಕು, ಪುಸ್ತಕ ಕಪಾಟಿನಲ್ಲೇ ಇರಬೇಕು ಎಂದು ಬರೆದೆ. ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ನನ್ನ ಅಭಿಪ್ರಾಯಕ್ಕಿಂತ ಮೂಲನಿವಾಸಿ ಗ್ರಂಥಪಾಲಕರ ಅಭಿಪ್ರಾಯಕ್ಕೆ ಹೆಚ್ಚು ತೂಕ ಕೊಡಿ. ಕಳಿಸು ಎಂಬ ಬಟನ್ ಒತ್ತುವಾಗ ಎದೆ ಭಾರವಾಗಿತ್ತು. ಒಂಟಿ ಮನೆಯ ಆ ಹುಡುಗಿಯನ್ನು ನಾನು ನಿಜವಾಗಿ ಪ್ರೀತಿಸಿದ್ದೆ.

ಜೂನ್ 23ರ ಶನಿವಾರ ನ್ಯೂ ಆರ್ಲಿಯನ್ಸ್‌ನಲ್ಲಿ ವಿಭಾಗದ ಮಂಡಳಿ ಮತ ಹಾಕಿತು. ಹನ್ನೆರಡಕ್ಕೆ ಹನ್ನೆರಡೂ ಬದಲಾವಣೆಯ ಪರ. ಹೊಸ ಹೆಸರು ಮಕ್ಕಳ ಸಾಹಿತ್ಯ ಪರಂಪರೆ ಪ್ರಶಸ್ತಿ. ವುಡ್ಸನ್ ಆ ಹೆಸರಿನಲ್ಲಿ ಅದನ್ನು ಪಡೆದ ಮೊದಲಿಗರಾದರು. ಲಾರಾಳ ಪುಸ್ತಕಗಳನ್ನು ಯಾರೂ ಓದಬಾರದು ಎಂದು ಇದರ ಅರ್ಥವಲ್ಲ ಎಂದು ಸಂಘ ಸ್ಪಷ್ಟವಾಗಿ ಹೇಳಿತು. ಆದರೂ ಸೋಮವಾರ ಬೆಳಿಗ್ಗೆ ನಮ್ಮ ಲೈಬ್ರರಿಯ ಫೋನು ನಿಲ್ಲಲಿಲ್ಲ. ಪುಸ್ತಕ ಸುಡುತ್ತೀರಂತೆ ಎಂದು ಒಬ್ಬರು ಕೇಳಿದರು. ಎಲ್ಲ ಪ್ರತಿಗಳೂ ಇವೆ, ಬಂದು ತೆಗೆದುಕೊಂಡು ಹೋಗಿ ಎಂದೆ. ಆ ವಾರ ಒಂಬತ್ತಕ್ಕೆ ಒಂಬತ್ತೂ ಹೊರಗೆ ಹೋದವು.

ನಾಳೆ ಯಾರು ಎಂಬ ಸಹೋದ್ಯೋಗಿಯ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಮರುವರ್ಷ, 2019ರ ಆಗಸ್ಟ್‌ನಲ್ಲಿ, ಡಬ್ಲಿನ್‌ನಲ್ಲಿ ಸಂಪಾದಕ ಜಾನ್ ಡಬ್ಲ್ಯು. ಕ್ಯಾಂಬೆಲ್ ಹೆಸರಿನ ವೈಜ್ಞಾನಿಕ ಕಥಾ ಪ್ರಶಸ್ತಿ ಪಡೆದ ಜೆನೆಟ್ ಎಂಗ್ ಆ ವೇದಿಕೆಯ ಮೇಲೇ ನಿಂತು, ಆತ ಫ್ಯಾಸಿಸ್ಟ್ ಎಂದರು. ಹತ್ತೇ ದಿನದೊಳಗೆ ಆ ಹೆಸರು ಹೋಯಿತು. ನನಗೆ ಅದು ಸರಿ ಕಂಡಿತು. ಅದೇ ವರ್ಷ ಜೇಮ್ಸ್ ಟಿಪ್ಟ್ರೀ ಹೆಸರಿನ ಪ್ರಶಸ್ತಿಯೂ ಬದಲಾಯಿತು. ಆ ಹೆಸರಿನಲ್ಲಿ ಬರೆಯುತ್ತಿದ್ದ ಆಲಿಸ್ ಶೆಲ್ಡನ್ 1987ರಲ್ಲಿ ಕಾಯಿಲೆಯ ಮುದಿ ಗಂಡನಿಗೆ ಗುಂಡು ಹಾರಿಸಿ, ತಾನೂ ಹಾರಿಸಿಕೊಂಡು ಸತ್ತರು. ಅಲ್ಲಿ ನನಗೆ ಇವತ್ತಿಗೂ ಒಂದು ನಿಲುವು ಬಂದಿಲ್ಲ. ಒಂದೊಂದು ಹೆಸರಿನ ಹಿಂದೆಯೂ ಬೇರೆ ಬೇರೆ ನೋವಿದೆ. ಅದನ್ನು ಒಂದೊಂದಾಗಿಯೇ ಕೂತು ನೋಡಬೇಕು.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಮತ್ತು ದೀಪಾ ಭಾಸ್ತಿ ಅವರಿಗೆ ಇಂಟರ್‌ನ್ಯಾಷನಲ್ ಬುಕರ್ ಬಂದಾಗ ನಾನು ಕೆಲಸದ ನಡುವೆ ಅತ್ತಿದ್ದೆ. ಕನ್ನಡ ಅಲ್ಲಿಗೆ ಹೋಯಿತಲ್ಲ! ರಾತ್ರಿ ಮಗಳು, ಈಗ ದೊಡ್ಡವಳು, ಫೋನ್ ಮಾಡಿ ಕೇಳಿದಳು: “ಅಮ್ಮ, ಬುಕರ್ ಅಂದ್ರೆ ಗಯಾನಾದ ಕಬ್ಬಿನ ತೋಟದ ಕಂಪನಿ ಅಲ್ವಾ?” ಹೌದು. ಗುಲಾಮರು ದುಡಿದ, ಆಮೇಲೆ ನಮ್ಮ ದೇಶದಿಂದ ಕರಾರಿನ ಮೇಲೆ ಹಡಗು ಹತ್ತಿಸಿಕೊಂಡು ಹೋದ ಕೂಲಿಗಳು ದುಡಿದ ತೋಟಗಳ ಹೆಸರು. 1972ರಲ್ಲಿ ಬುಕರ್ ಗೆದ್ದ ಜಾನ್ ಬರ್ಜರ್ ಅದನ್ನು ಆ ಸಮಾರಂಭದಲ್ಲೇ ಹೇಳಿ, ಬಹುಮಾನದ ಅರ್ಧ ಹಣವನ್ನು ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್‌ಗಳಿಗೆ ಕೊಟ್ಟಿದ್ದರು. ಆ ಹೆಸರಿನ ಬಗ್ಗೆ ಏನಾಗಬೇಕು ಎಂದು ಕೇಳಿದರೆ, ಗಯಾನಾದ ಓದುಗರು ಹೇಳಲಿ, ನಾನು ಕೇಳಿಸಿಕೊಳ್ಳುತ್ತೇನೆ ಎನ್ನುವುದೇ ನನ್ನ ಉತ್ತರ. ಬಾನು ಅವರ ಗೆಲುವಿನ ಸಂತೋಷದಲ್ಲಿ ಇದರಿಂದ ಒಂದು ಹನಿಯೂ ಕಡಿಮೆಯಾಗಿಲ್ಲ.

2018ರ ಆ ಶರತ್ಕಾಲಕ್ಕೆ ಹಿಂತಿರುಗುತ್ತೇನೆ. ನಮ್ಮ ಮಕ್ಕಳ ವಿಭಾಗದ ಗೋಡೆಯಲ್ಲಿ ಪ್ರಶಸ್ತಿ ಪುಸ್ತಕಗಳ ಕಪಾಟಿದೆ. ಅದರ ಮೇಲೆ ವೈಲ್ಡರ್ ಪದಕ ಎಂಬ ಮರದ ಫಲಕವಿತ್ತು. ಹೊಸದು ಬರುವುದು ತಡವಾಯಿತು. ಹಳೆಯದನ್ನು ನಾನೇ ಸ್ಟೂಲು ಹತ್ತಿ ಬಿಚ್ಚಿದೆ. ಗೋಡೆಯ ಬಣ್ಣ ಮಾಸಿದ್ದರಿಂದ, ಫಲಕವಿದ್ದಷ್ಟು ಜಾಗ ಮಾತ್ರ ಹೊಸದರ ಹಾಗೆ ಉಳಿದಿತ್ತು. ಸಂಜೆ ಶಾಲೆ ಬಿಟ್ಟು ಬಂದ ಹುಡುಗಿಯೊಬ್ಬಳು ಚೀಲ ಕೆಳಗಿಟ್ಟು ಅದನ್ನೇ ನೋಡುತ್ತ ನಿಂತಳು.

“ಇಲ್ಲಿ ಏನಿತ್ತು?”

ಕೆಳಗಿನ ಸಾಲಿನಿಂದ ಕಾನ್ಸಾಸ್ ಪುಸ್ತಕ ತೆಗೆದುಕೊಂಡೆ, ಪಕ್ಕದ ಕಪಾಟಿನಿಂದ ಭೂಪಟ ತೆಗೆದುಕೊಂಡೆ. ಇಬ್ಬರೂ ಜಮಖಾನದ ಮೇಲೆ ಕೂತೆವು. ಓಸೇಜ್ ನದಿ ಎಲ್ಲಿದೆ ಎಂದು ಅವಳೇ ಬೆರಳಿಟ್ಟು ಹುಡುಕಿದಳು. ಅವಳ ಅಪ್ಪ ಕರೆಯಲು ಬಂದಾಗ ನಾವಿನ್ನೂ ಮೂರನೇ ಪುಟದಲ್ಲಿದ್ದೆವು.